ಹಾಸಿನ ಬೀದಿಯ ಹೊಂಗೆ

ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ ಗಿಡ ನೆಡಬೇಕೆಂದರೆ ಮೊದಲು ಕಾಗೆಯ ವಿಷಯ ಇತ್ಯರ್ಥವಾಗಬೇಕು. ನಗರಸಭೆಯವರಿಗೆ ಇದು ಗೊತ್ತಿರಲಿಲ್ಲ. ನನಗೆ ಗೊತ್ತಿತ್ತು, ಏಕೆಂದರೆ ನಾನು ಹುಟ್ಟಿದ್ದೇ ಆ ಬೀದಿಯಲ್ಲಿ.

ಸೀರೆಯ ಉದ್ದದ ಎಳೆಗಳಿಗೆ ನಮ್ಮಲ್ಲಿ ಹಾಸು ಅನ್ನುತ್ತಾರೆ. ಮಗ್ಗಕ್ಕೆ ಏರಿಸುವ ಮುಂಚೆ ಹಾಸನ್ನು ಬೀದಿಯಲ್ಲಿ ಎರಡು ಗೂಟಗಳ ನಡುವೆ ಬಿಗಿಯಾಗಿ ಎಳೆದು ಕಟ್ಟಿ, ತೆಳ್ಳನೆಯ ಗಂಜಿ ಸವರಿ, ಹರಿದ ಎಳೆಗಳನ್ನು ಹುಡುಕಿ ಹೊಸೆದು, ಬೆಳಗಿನ ಎಳೆಬಿಸಿಲಿನಲ್ಲಿ ಒಣಗಿಸಬೇಕು. ಮನೆಯೊಳಗೆ ಅಷ್ಟು ಉದ್ದದ ಜಾಗ ಯಾರಿಗಿದೆ? ಅದಕ್ಕೇ ಬೀದಿ. ನೆರಳು ಬಿದ್ದರೆ ಗಂಜಿ ಒಣಗದೆ ಎಳೆ ಅಂಟಿಕೊಳ್ಳುತ್ತದೆ. ಮರ ಇದ್ದರೆ ಕಾಗೆ ಬರುತ್ತದೆ, ಕಾಗೆ ಬಂದರೆ ತಾನು ಮಾಡುವುದನ್ನು ಮಾಡಿಯೇ ಹೋಗುತ್ತದೆ, ಮದುವೆ ಸೀರೆಯ ಹಾಸಿನ ಮೇಲೆ ಅದು ಬಿದ್ದರೆ ಎಷ್ಟು ತೊಳೆದರೂ ಕಲೆ. ಹೀಗಾಗಿ ನಮ್ಮ ಹಿರಿಯರು ಬೀದಿಯಲ್ಲಿ ಒಂದು ಎಲೆಯೂ ಚಿಗುರದಂತೆ ಕಾಯ್ದುಕೊಂಡು ಬಂದಿದ್ದರು. ಬೇರೆ ಊರುಗಳಲ್ಲಿ ಅರಳಿಕಟ್ಟೆಯ ಮೇಲೆ ಪಂಚಾಯಿತಿ ನಡೆದರೆ ನಮ್ಮಲ್ಲಿ ಗೋಡೆಗೆ ಒರಗಿಕೊಂಡು ನಡೆಯುತ್ತಿತ್ತು.

ಈಗ ಬೀದಿಯಲ್ಲಿ ಮುಕ್ಕಾಲು ಪಾಲು ಮನೆಗಳಲ್ಲಿ ಕೈಮಗ್ಗ ಇಲ್ಲ. ಕೆಲವರು ಪವರ್‌ಲೂಮ್ ಹಾಕಿಕೊಂಡಿದ್ದಾರೆ, ಕೆಲವರು ಮಗ್ಗದ ಮುಂದೆ ಕಾಲು ಇಳಿಬಿಡುವ ಗುಂಡಿ ಮುಚ್ಚಿ ಅದರ ಮೇಲೆ ಸೋಫಾ ಹಾಕಿದ್ದಾರೆ. ಬೀದಿಯಲ್ಲಿ ಇಂದಿಗೂ ಹಾಸು ಎಳೆಯುವವರು ಬೆರಳೆಣಿಕೆಯ ಜನ. ಅವರಲ್ಲಿ ಒಬ್ಬ ನನ್ನ ಅಣ್ಣ.

ನಾನು ಮದುವೆಯಾಗಿ ಹೋದದ್ದು ಅದೇ ಊರಿನ ಇನ್ನೊಂದು ಬೀದಿಗೆ. ಬಸ್ ನಿಲ್ದಾಣದ ಹತ್ತಿರ ನನ್ನದೊಂದು ನೂಲು, ಗುಂಡಿ, ಲೇಸಿನ ಅಂಗಡಿ ಇದೆ. ರಸ್ತೆ ಅಗಲ ಮಾಡುವಾಗ ಅಲ್ಲಿದ್ದ ಮರಗಳನ್ನೆಲ್ಲ ಕಡಿದರು. ಮರುವರ್ಷದ ಬೇಸಿಗೆಯಲ್ಲಿ ಅಂಗಡಿಯೊಳಗೆ ಕೂತು ನಾನು ನೋಡಿದ ದೃಶ್ಯ ಇದು: ಹನೂರಿನ ಬಸ್ಸಿಗೆ ಕಾಯುವ ಜನ ಲೈಟುಕಂಬದ ನೆರಳಿನಲ್ಲಿ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಂತಿದ್ದರು. ನೆರಳು ಸರಿದ ಹಾಗೆ ಸಾಲೂ ಸರಿಯುತ್ತಿತ್ತು. ಮೊದಲ ದಿನ ನಗು ಬಂತು. ಆಮೇಲೆ ಒಬ್ಬ ಬಸುರಿ ಹೆಂಗಸು ಆ ಸಾಲಿನಲ್ಲಿ ಜಾಗ ಸಿಗದೆ ಬಿಸಿಲಿನಲ್ಲೇ ಕುಸಿದು ಕೂತಳು. ನನಗೆ ಮೂಗಿನ ತುದಿಯಲ್ಲೇ ಕೋಪ ಅಂತ ನನ್ನ ಗಂಡ ಹೇಳುತ್ತಿರುತ್ತಾರೆ. ಅವತ್ತು ಅಂಗಡಿಗೆ ಬಾಗಿಲೆಳೆದು, ಪಕ್ಕದ ಹೂವಿನವರನ್ನೂ ಟೈಲರ್ ಹೆಂಗಸರನ್ನೂ ಕರೆದುಕೊಂಡು ಸೀದಾ ನಗರಸಭೆಗೆ ನಡೆದೆ.

ಅಲ್ಲಿ ಪರಿಸರ ವಿಭಾಗದ ಅಧಿಕಾರಿ ಒಬ್ಬರು ಸಿಕ್ಕಿದರು. ತಾಳ್ಮೆಯ ಮನುಷ್ಯ, ಆದರೆ ಮೊದಲೇ ಕೈ ಸುಟ್ಟುಕೊಂಡವರು. "ಪ್ರತಿ ವರ್ಷ ನೆಡ್ತೀವಮ್ಮ, ಅದೇ ಗುಂಡೀಲೇ ನೆಡ್ತೀವಿ" ಎಂದರು. ಗಿಡ ನೆಡುವುದು ಫೋಟೋದ ಕೆಲಸ, ಸಾಕುವುದು ಮನೆಯ ಕೆಲಸ, ಅದನ್ನು ಮನೆಗಳಿಗೇ ವಹಿಸಿ ಎಂದೆ. ಹೀಗೆ ಜಗ್ಗಾಡಿ ಜಗ್ಗಾಡಿ ಒಂದು ಯೋಜನೆ ನಿಂತಿತು: ಗಿಡ ಮತ್ತು ಕಬ್ಬಿಣದ ಬೇಲಿ ನಗರಸಭೆಯದು, ನೀರು ಮನೆಯದು. ಯಾವ ಮನೆಯ ಮುಂದಿನ ಗಿಡವೋ ಆ ಮನೆಯವರೇ ಅದಕ್ಕೆ ತಾಯಿ ತಂದೆ. ಅಧಿಕಾರಿ ಎರಡು ಷರತ್ತು ಹಾಕಿದರು. ಒಂದು, ಕಬ್ಬಿಣದ ಬೇಲಿಗಳಿಗೆ ಹನೂರು, ಯಳಂದೂರಿನವರೂ ಬೇಡಿಕೆ ಇಟ್ಟಿದ್ದಾರೆ; ಮೊದಲ ಬೇಸಿಗೆಯಲ್ಲಿ ಇಲ್ಲಿ ಗಿಡ ಉಳಿಯದಿದ್ದರೆ ಬೇಲಿ ಕಿತ್ತು ಅಲ್ಲಿಗೆ ಕಳಿಸುವುದೇ. ಇನ್ನೊಂದು, "ನಿಮ್ಮ ತವರು ಬೀದಿಯಿಂದಲೇ ಶುರು ಮಾಡಿ. ಇಡೀ ಊರಲ್ಲಿ ಮೊದಲಿಂದಲೂ ಒಂದೂ ಮರ ಇಲ್ಲದ ಬೀದಿ ಅದೇ."

ಎಲ್ಲ ಬಿಟ್ಟು ಅದೇ ಬೀದಿ! ಆದರೂ ಒಪ್ಪಿಕೊಂಡೆ.

ಬೀದಿಯಲ್ಲಿ ನಡೆದ ಮೊದಲ ಸಭೆ ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅನ್ನುವ ಹಾಗೆ ಒಬ್ಬರು ಬೇವು ಅಂದರೆ ಇನ್ನೊಬ್ಬರು ನೇರಳೆ ಅಂದರು. ನೇರಳೆ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅಣ್ಣ ಎದ್ದು ನಿಂತ.

"ನ್ಯಾರಳ ಅಣ್ಣು ರೇಸ್ಮ ಮ್ಯಾಲ ಬಿದ್ರ ಯಾರ್ಲಾ ತೊಳ್ಯಾರು? ಮರ ಬಂದ್ರ ಕಾಗ ಬತ್ತದ. ಕಾಗ ಬಂದು ಏನ್ ಮಾಡ್ತದ ಅಂತ ಆಪೀಸರ್‌ಗ ನೀನೇ ಏಳವ್ವ, ನಂಗ ನಾಚ್ಕ ಆಯ್ತದ."

ಜನ ನಕ್ಕರು. ಅವನು ನಗಲಿಲ್ಲ. ನಾನು ಉಪಾಯ ಹೇಳಿದೆ. ಗಿಡಗಳನ್ನು ಬೀದಿಯ ಪಡುವಣ ಸಾಲಿನಲ್ಲಿ ಮಾತ್ರ ನೆಡೋಣ, ಬೆಳಗಿನ ನೆರಳು ಮನೆಗಳ ಗೋಡೆಯ ಮೇಲೆ ಬೀಳುತ್ತದೆ, ಹಾಸಿನ ಮೇಲಲ್ಲ. ಹಣ್ಣು ಬಿಡುವ ಗಿಡ ಬೇಡ, ಹೊಂಗೆ ಸಾಕು.

"ಕಾಗಗ ಪಡುವ್ಲು ಮೂಡ್ಲು ಗೊತ್ತಾ?" ಎಂದು ಕೇಳಿದ. ಪಕ್ಕದ ಮನೆಯವನು, ಕೈಮಗ್ಗ ಬಿಟ್ಟು ಪವರ್‌ಲೂಮ್ ಹಾಕಿದವನು, "ಅಣ್ಣೋ, ಕಾಲ ಬದ್ಲಾಯ್ತು, ನೀನೊಬ್ಬ ಬೀದಿಯ ಗುತ್ಗ ತಕಂಡಿದ್ದೀಯಾ?" ಎಂದುಬಿಟ್ಟ. ಅಣ್ಣನ ಮುಖ ಕೆಂಪಾಯಿತು. ಎಲ್ಲರೂ ಕೇಳುವ ಹಾಗೆ ಹೇಳಿದ: "ನೆಡ್ರಪ್ಪ, ನೆಡ್ರಿ. ನನ್ ಹಾಸ್ಗ ಅಡ್ಡ ಬಂದ ಗಿಡಾವ ನಾನು ಉಳ್ಸಾದಿಲ್ಲ."

ಆ ಮಾತು ಆಮೇಲೆ ಅವನ ಕೊರಳಿಗೇ ಸುತ್ತಿಕೊಂಡಿತು.

ಅಣ್ಣನ ಮನೆಯಲ್ಲಿ ನನ್ನ ಪರವಾಗಿ ನಿಂತವಳು ಅತ್ತಿಗೆ ಒಬ್ಬಳೇ. ಅವಳು ಹನೂರಿನ ಕಡೆಯ ಹಳ್ಳಿಯವಳು, ರೇಷ್ಮೆ ಹುಳು ಸಾಕುವ ಮನೆಯಿಂದ ಬಂದವಳು. ಹಿಪ್ಪುನೇರಳೆ ತೋಟದ ಹಸಿರಿನಲ್ಲಿ ಬೆಳೆದವಳನ್ನು ತಂದು ಎಲೆಯಿಲ್ಲದ ಬೀದಿಯಲ್ಲಿ ಇಟ್ಟರೆ ಹೇಗಿರುತ್ತದೆ? "ಇಲ್ಗ ಬಂದಾಗ ನಂಗ ಕಣ್ಣು ಉರೀತಿತ್ತು ಕಣವ್ವ, ಎತ್ತ ನೋಡುದ್ರೂ ಗ್ವಾಡ" ಅಂತ ಒಮ್ಮೆ ಹೇಳಿದ್ದಳು. ಮುಂಗಾರಿನಲ್ಲಿ ಅರಣ್ಯ ಇಲಾಖೆಯ ನರ್ಸರಿಯಿಂದ ಹೊಂಗೆ ಸಸಿಗಳು ಬಂದಾಗ ತನ್ನ ಮನೆಯ ಮುಂದಿನ ಗುಂಡಿಗೆ ಅವಳೇ ಮಣ್ಣು ತುಂಬಿದಳು. ಅಣ್ಣ ಒಳಗಿಂದಲೇ ಗದರಿದ. ಇವಳು ಬಾಗಿಲಿಗೆ ಬಂದು, "ನೀವು ಬ್ಯಾಡ ಅನ್ನಿ, ನಾ ಬೆಳಸ್ತೀನಿ. ನಿಮ್ ಹಾಸ್ಗ ಒಂದು ಎಲ ಬಿದ್ರ ನನ್ನ ಕೇಳಿ" ಎಂದಳು. ಮದುವೆಯಾಗಿ ಬಂದ ಮೇಲೆ ಅವನಿಗೆ ಎದುರಾಡಿದ್ದು ಅದೇ ಮೊದಲು ಅಂತ ನನ್ನ ನಂಬಿಕೆ. ನನಗೆ ಎಷ್ಟು ಖುಷಿಯಾಯಿತೆಂದರೆ ಅಂಗಡಿಗೆ ಹೋಗಿ ಅವಳಿಗೊಂದು ಒಳ್ಳೆಯ ಲೇಸು ತಂದುಕೊಟ್ಟೆ.

ಮಳೆಗಾಲ ಚೆನ್ನಾಗಿ ಕಳೆಯಿತು. ಸಸಿಗಳು ಬೇಲಿಯೊಳಗೆ ತಲೆ ಎತ್ತಿದವು. ನಾನು ವಾರಕ್ಕೊಮ್ಮೆ ಬೀದಿ ಸುತ್ತಿ ಬೈಯಬೇಕಾದವರನ್ನು ಬೈದು, ಹೊಗಳಬೇಕಾದವರನ್ನು ಹೊಗಳಿ ಬರುತ್ತಿದ್ದೆ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ಹೇಳುತ್ತಾ ವಾಲಿದ್ದಕ್ಕೆಲ್ಲ ಕೋಲು ಕಟ್ಟಿದೆ.

ಮಳೆ ನಿಂತು ಎಲ್ಲರೂ ಕೊಡ ಹಿಡಿಯಲು ಶುರು ಮಾಡಿದ ಮೇಲೆ ಅನಾಹುತ ಮೊದಲಾಯಿತು. ಮೊದಲು ಅಣ್ಣನ ಮನೆಯ ಮುಂದಿನದೇ ಸಸಿ. ಎಲೆಯ ಅಂಚು ಸುಟ್ಟಂತೆ ಕಂದಾಗಿ, ನಡುವೆ ಹಳದಿಯಾಗಿ, ಉದುರತೊಡಗಿತು. ರೋಗವಿರಬೇಕೆಂದು ಬೇವಿನೆಣ್ಣೆ ಸಿಂಪಡಿಸಿದೆವು. ಶಿವರಾತ್ರಿ ಕಳೆಯುವ ಹೊತ್ತಿಗೆ ಪಕ್ಕದ ಪವರ್‌ಲೂಮಿನವನ ಸಸಿಯೂ ಅದೇ ದಾರಿ ಹಿಡಿಯಿತು. ಆಮೇಲೆ ಅದರಾಚೆಯದು. ಆ ಮನೆಯ ಅಜ್ಜಿಗೂ ಅಣ್ಣನಿಗೂ ನಲ್ಲಿ ನೀರಿನ ಸಂಬಂಧ ಮಾತು ನಿಂತಿತ್ತು. ಆಮೇಲೆ ಬೀದಿಯ ಕೊನೆಯ ಮನೆಯದು, ಅಲ್ಲಿಯವರು ಬೈಕನ್ನು ತಂದು ಅಣ್ಣನ ಗೂಟಕ್ಕೆ ಆನಿಸಿ ನಿಲ್ಲಿಸಿದ್ದಕ್ಕೆ ದೊಡ್ಡ ರಂಪವೇ ಆಗಿತ್ತು. ನಡುವಿನ ಮನೆಗಳ ಸಸಿಗಳು ಹಸಿರಾಗಿಯೇ ಇದ್ದವು.

ಲೆಕ್ಕ ಹಾಕಲು ಯಾರಿಗೂ ಹೊತ್ತು ಹಿಡಿಯಲಿಲ್ಲ. ಅಣ್ಣನ ಜೊತೆ ಯಾರ್ಯಾರಿಗೆ ಜಗಳವಾಗಿತ್ತೋ ಅವರವರ ಮನೆಯ ಗಿಡವೇ ಸಾಯುತ್ತಿತ್ತು.

"ಮೊದ್ಲು ತನ್ ಮನೇದ್ನೆ ಒಣಗ್ಸಿ ಕೈ ಪಳಗಿಸ್ಕಂಡವ್ನೆ" ಎಂದ ಪಕ್ಕದ ಮನೆಯವನು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾನೆ ಅಂತ ಕಾದರು. ಅಣ್ಣ ಹೆಗಲು ಮುಟ್ಟಿಕೊಳ್ಳಲಿಲ್ಲ, ಬಾಯಿಯನ್ನೂ ತೆರೆಯಲಿಲ್ಲ. ಅದೇ ತಪ್ಪಾಯಿತು. ಸುಮ್ಮನಿರುವ ಮನುಷ್ಯನನ್ನು ಕಂಡರೆ ಬೀದಿಗೆ ಇನ್ನೂ ಸಿಟ್ಟು.

ಅಧಿಕಾರಿ ಬಂದು ಒಣಗಿದ ಸಸಿಗಳ ಫೋಟೋ ತೆಗೆದುಕೊಂಡರು. ಬುಡದ ಮಣ್ಣಿನ ಮೇಲೆ ಬಿಳಿಚಿದ ಹೆಪ್ಪು ಕಟ್ಟಿತ್ತು. "ಏನೋ ಸುರಿದಿದ್ದಾರೆ, ಇದು ತಾನಾಗಿ ಆಗಿದ್ದಲ್ಲ" ಎಂದರು. ಸೋಮವಾರ ಬೆಳಿಗ್ಗೆ ಬೀದಿಯಲ್ಲೇ ಸಭೆ ಎಂದು ಅವರೇ ಗೊತ್ತು ಮಾಡಿದರು. ಮಾಡಿದವರು ಒಪ್ಪಿಕೊಂಡರೆ ಬೀದಿಯ ಮಟ್ಟದಲ್ಲೇ ತೀರ್ಮಾನ, ಇಲ್ಲವಾದರೆ ಪೊಲೀಸ್ ದೂರು, ಬೇಲಿಗಳೆಲ್ಲ ಹನೂರಿಗೆ. ಪಕ್ಕದ ಮನೆಯವನು ಕೂಡಲೇ ತೀರ್ಮಾನವನ್ನೂ ಹೇಳಿದ: "ದೂರು ಗೀರು ಬ್ಯಾಡ ಸಾ. ಅವನ ಗೂಟ ಕಿತ್ತಾಕನ. ಬೀದಿಗ ಬ್ಯಾಡ್ದೋನ್ಗ ಬೀದಿ ಯಾಕ?" ಹತ್ತಾರು ತಲೆಗಳು ಅಲ್ಲಾಡಿದವು.

ಗೂಟ ಕಿತ್ತರೆ ಹಾಸು ಇಲ್ಲ. ಹಾಸು ಇಲ್ಲದಿದ್ದರೆ ಮಗ್ಗ ಇಲ್ಲ. ಅಪ್ಪ ಕೂತಿದ್ದ ಮಗ್ಗ ಅದು. ಈ ವಯಸ್ಸಿನಲ್ಲಿ ಅಣ್ಣ ಇನ್ನೊಬ್ಬರ ಪವರ್‌ಲೂಮಿನಲ್ಲಿ ಎಳೆ ಕಟ್ಟಿಕೊಂಡು ನಿಲ್ಲಬೇಕಾಗುತ್ತಿತ್ತು, ಅದೂ ಬಹುಶಃ ಪಕ್ಕದ ಮನೆಯಲ್ಲೇ. ಊರಿಗೆ ಉಪಕಾರಿ, ಮನೆಗೆ ಮಾರಿ ಅನ್ನುವ ಮಾತನ್ನು ಬೇರೆಯವರ ಮೇಲೆ ಎಷ್ಟು ಸಲ ಆಡಿದ್ದೆನೋ. ಆ ವಾರ ಅದು ನನ್ನ ಮುಂದೆಯೇ ಬಂದು ಕುಕ್ಕರಿಸಿತು.

ಭಾನುವಾರ ಸಂಜೆ ಅಣ್ಣನನ್ನು ಕೇಳಲು ಹೋದೆ. ಅವನು ಮಗ್ಗದಲ್ಲಿದ್ದ. ಲಾಳಿ ಆ ಕಡೆ ಈ ಕಡೆ ಓಡುವುದನ್ನು ನಿಲ್ಲಿಸದೆಯೇ, "ನಿಂಗೂ ಅನುಮಾನವಾ?" ಎಂದ.

ಇಲ್ಲ ಎಂದು ಹೇಳಬೇಕಿತ್ತು. ಅವನ ಸಿಟ್ಟು ನನಗೆ ಗೊತ್ತು. ಚಿಕ್ಕವಳಿದ್ದಾಗ ನನ್ನ ಮೇಲಿನ ಕೋಪಕ್ಕೆ ನನ್ನ ಗಾಳಿಪಟವನ್ನು ಹರಿದು ಒಲೆಗೆ ಹಾಕಿದವನು ಅವನು. ಆದರೆ ಹಾಗೆ ಮಾಡಿ ಎದುರಿಗೇ ನಿಂತಿದ್ದ, ಕದ್ದು ಏನನ್ನೂ ಮಾಡಿದವನಲ್ಲ. "ಮಾಡಿದ್ದರೆ ಹೇಳಿಬಿಡು ಅಣ್ಣ, ನಾನು ಹೇಗಾದರೂ ಸಂಭಾಳಿಸ್ತೀನಿ" ಎಂದೆ.

"ಓಗವ್ವ, ಅಂಗ್ಡಿ ನೋಡ್ಕೋ ಓಗು" ಎಂದನೇ ಹೊರತು ಇನ್ನೇನೂ ಹೇಳಲಿಲ್ಲ. ಹೊರಗೆ ಬರುವಾಗ ಅತ್ತಿಗೆ ಬಾಗಿಲಲ್ಲಿ ನನ್ನ ಕೈ ಹಿಡಿದುಕೊಂಡಳು. ಅವಳ ಕಣ್ಣು ಊದಿಕೊಂಡಿತ್ತು. "ಅವ್ರು ಅಂಥೋರಲ್ಲ ಕಣವ್ವ. ಬಾಯ್ ಜೋರು ಅಷ್ಟೇಯ. ನಾನು ಇನ್ನೂ ಆರೈಕ ಮಾಡ್ತಾವ್ನಿ, ಒಂದಾದ್ರೂ ಚಿಗುರುದ್ರ ಜನದ ಬಾಯ್ ಮುಚ್ತದ" ಎಂದಳು. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಮತ್ತೆ ಹೋದೆ. ಸಭೆಗೆ ಮುಂಚೆ ಇನ್ನೊಂದು ಸಲ ಕೇಳೋಣ ಅಂತ. ಅಣ್ಣ ಬೀದಿಯಲ್ಲಿ ಹಾಸು ಎಳೆದಿದ್ದ. ಅರಿಸಿನ ಬಣ್ಣದ ರೇಷ್ಮೆ ಗೂಟದಿಂದ ಗೂಟಕ್ಕೆ ಬಿಗಿದು ನಿಂತಿತ್ತು. ಗೂಟ ಹೋಗಬಹುದಾದ ದಿನವೂ ಅವನು ಹಾಸು ಹಾಕಿದ್ದ. ಅವನು ದೂರದ ತುದಿಯಲ್ಲಿ ಬಗ್ಗಿ ಎಳೆ ನೋಡುತ್ತಿದ್ದ, ನನ್ನನ್ನು ಗಮನಿಸಲಿಲ್ಲ.

ಅತ್ತಿಗೆ ಒಳಗಿನಿಂದ ಕೊಡ ಹಿಡಿದು ಬಂದಳು. ಮೊದಲು ತನ್ನ ಮನೆಯ ಒಣಗಿದ ಸಸಿಗೆ, ಆಮೇಲೆ ಪಕ್ಕದ ಮನೆಯವನ ಸಸಿಗೆ, ಬಗ್ಗಿ, ಬುಡ ಬಿಡಿಸಿ, ಮಗುವಿಗೆ ಎರೆಯುವ ಹಾಗೆ ನಿಧಾನಕ್ಕೆ ಸುರಿದಳು. ನೀರು ಮಣ್ಣಿಗೆ ಬಿದ್ದಾಗ ನೊರೆ ಎದ್ದಿತು.

ನಾನು ಹತ್ತಿರ ಹೋಗಿ ಕೊಡದೊಳಗೆ ಬೆರಳು ಅದ್ದಿದೆ. ಲೋಳೆ ಲೋಳೆ. ಮೂಗಿಗೆ ಹಿಡಿದೆ. ಆ ವಾಸನೆ ನನಗೆ ಗೊತ್ತಿತ್ತು.

"ಅತ್ಗೆ, ಇದು ಯಾವ ನೀರು?"

"ರೇಸ್ಮ ಬೇಯಿಸಿದ್ ನೀರು ಕಣವ್ವ" ಎಂದಳು, ಗುಟ್ಟು ಹೇಳುವವಳ ಹಾಗೆ ದನಿ ತಗ್ಗಿಸಿ. "ಬರೀ ನೀರ್ ಉಯ್ದ್ರ ಗಿಡಕ್ಕ ಏನ್ ಶಕ್ತಿ ಬತ್ತದ? ನಮ್ಮೂರಲ್ಲಿ ಉಳದ ಇಕ್ಕ ತಕಂಡೋಗಿ ತ್ವಾಟಕ್ಕ ಆಕ್ತಿದ್ವಿ, ಸೊಪ್ಪು ಆಳುದ್ದ ಬತ್ತಿತ್ತು. ಇದು ಉಳ ತನ್ ಬಾಯಿಂದ ಬಿಟ್ಟ ಸತ್ವ ಅಲ್ವಾ, ಇನ್ನೂ ವಳ್ಳೇದು. ಇವ್ರು ಜನ್ದ ಮ್ಯಾಲ ಜಗಳ ಆಡ್ಕಂಡು ಬತ್ತಾರ. ನಾನು ಅವರವ್ರ ಮನ ಗಿಡಕ್ಕ ಒಂದೊಂದು ಕೊಡ ಉಯ್ದು ಬತ್ತೀನಿ. ಬಾಯಲ್ಲಿ ಏಳಕ್ಕ ಆಯ್ತದಾ, ತಪ್ಪಾಯ್ತು ಅಂತ?"

ಹಸಿ ರೇಷ್ಮೆಯ ಅಂಟು ಹೋಗಲು ಸೋಪು, ಸೋಡಾ ಹಾಕಿ ಹಂಡೆಯಲ್ಲಿ ಕುದಿಸುತ್ತಾರೆ. ಹುಳುವಿನ ಹಿಕ್ಕೆ ಗೊಬ್ಬರವೇ, ನಿಜ. ಆದರೆ ಈ ನೀರಿನಲ್ಲಿರುವುದು ಸೋಡಾದ ಉರಿ. ಅಪ್ಪನ ಕಾಲದಲ್ಲಿ ನಮ್ಮ ಹಿತ್ತಲಿನಲ್ಲಿ ಅದನ್ನು ಚೆಲ್ಲುತ್ತಿದ್ದ ಮೂಲೆಯಲ್ಲಿ ಗರಿಕೆಯೂ ಹುಟ್ಟುತ್ತಿರಲಿಲ್ಲ. ಅತ್ತಿಗೆ ಮದುವೆಯಾಗಿ ಬರುವ ಹೊತ್ತಿಗೆ ನೂಲಿಗೆ ಬಣ್ಣ ಹಾಕುವವರು ಒಬ್ಬರು ಎಲ್ಲರ ರೇಷ್ಮೆಯನ್ನೂ ಬೇಯಿಸಿಕೊಡುತ್ತಿದ್ದರು. ಅವರು ಕೆಲಸ ನಿಲ್ಲಿಸಿದ ಮೇಲೆ, ಹಿಂದಿನ ವರ್ಷದಿಂದ ಈಚೆಗೆ, ಅಣ್ಣ ಮತ್ತೆ ಮನೆಯಲ್ಲೇ ಹಂಡೆ ಏರಿಸಿದ್ದ. ಇವಳಿಗೆ ಆ ಮೂಲೆ ಗೊತ್ತಿರುವುದಾದರೂ ಹೇಗೆ?

ಬಾಯಿ ತೆರೆಯುವಷ್ಟರಲ್ಲಿ ಅಣ್ಣ ಓಡಿ ಬಂದ. ಹಾಸು ಬಿಟ್ಟು ಅವನು ಓಡಿದ್ದನ್ನು ನಾನು ಯಾವತ್ತೂ ಕಂಡಿಲ್ಲ. "ಒಲ ಮ್ಯಾಲ ಹಾಲು ಇಟ್ಟಿದ್ದೀಯ, ಓಗು" ಎಂದು ಅತ್ತಿಗೆಯನ್ನು ಒಳಗೆ ಅಟ್ಟಿದ. ಆಮೇಲೆ ನನ್ನ ರಟ್ಟೆ ಹಿಡಿದು ಗೋಡೆಯ ಪಕ್ಕಕ್ಕೆ ಎಳೆದುಕೊಂಡು ಹೋದ.

"ಅವ್ಳ್ಗ ಏಳ್ಬ್ಯಾಡ."

"ನಿನಗೆ ಗೊತ್ತಿತ್ತಾ?"

"ಮೊನ್ನ ಕಂಡಿ. ಅವತ್ನಿಂದ ನಾನೇ ಮುಂಚ ಎದ್ದು ಮೋರಿಗ ಚೆಲ್ತಿದ್ದಿ. ಇವತ್ತು ಹಾಸು ಅಂತ ಈಚ್ಗ ಬಂದುಬುಟ್ಟಿ."

"ಅಣ್ಣ, ಇದನ್ನ ಹೇಳಿದರೆ ಎಲ್ಲ ಮುಗೀತು. ಗೊತ್ತಿಲ್ಲದೆ ಆಗಿದ್ದು. ಯಾರೂ ಏನೂ ಅನ್ನಲ್ಲ."

ಅವನು ನನ್ನನ್ನು ದಿಟ್ಟಿಸಿದ. "ಗಿಡ ಬ್ಯಾಡ ಅಂತ ನಾನು ಬಯ್ದಿ, ಬೇಕು ಅಂತ ಅವ್ಳು ನಿಂತ್ಕಂಡ್ಳು. ದಿನಾ ಎದ್ದು ಅದ್ರ ಮುಂದ ಕೂತ್ಕಂಡು ಮಾತಾಡ್ತಾಳ. ಈಗ ನೀನೇ ಸಾಯ್ಸುದ್ದು ಅಂತ ನಾನು ಎಂಗ್ ಏಳ್ಲಿ? ಗೆದ್ದಂಗ ಆಯ್ತದ. ನಂಗ ಅಂಥ ಗೆಲ್ವು ಬ್ಯಾಡ. ನಾನೇ ಸುರುದ್ದು ಅಂತ ಒಪ್ಕತೀನಿ."

"ಗೂಟ ಕೀಳ್ತಾರೆ!"

"ಕೀಳ್ಲಿ ಬುಡು."

ಆ ಗಳಿಗೆಯಲ್ಲಿ ಅವನ ಮೇಲೆ ಬಂದ ಪ್ರೀತಿ ಎಷ್ಟೋ ಸಿಟ್ಟೂ ಅಷ್ಟೇ. ಒಂದು ಮಾತಿನಿಂದ ಮಗ್ಗವೂ ಉಳಿಯುತ್ತಿತ್ತು, ಬೀದಿಯ ಗಿಡಗಳೂ ಉಳಿಯುತ್ತಿದ್ದವು. ಆ ಒಂದು ಮಾತನ್ನು ಆಡಬೇಡ ಅಂತ ಈ ಮೊಂಡ ನನ್ನ ಕೈ ಹಿಡಿದುಕೊಂಡು ನಿಂತಿದ್ದ. ನಾನು ಕೈ ಬಿಡಿಸಿಕೊಂಡೆ.

ಬಿಸಿಲೇರುವ ಮೊದಲೇ ಜನ ಸೇರಿದರು. ಅಧಿಕಾರಿಗೆ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದರು. ಪಕ್ಕದ ಮನೆಯವನು ಹಾರೆಯನ್ನು ತಂದು ಗೋಡೆಗೆ ಒರಗಿಸಿಟ್ಟೇ ಕೂತ. ಸಭೆಯ ತೀರ್ಮಾನ ಸಭೆಗಿಂತ ಮುಂಚೆ ಬಂದಿತ್ತು. ಅಣ್ಣನ ಅರಿಸಿನ ಬಣ್ಣದ ಹಾಸು ಇನ್ನೂ ಗೂಟಗಳ ಮೇಲೇ ಇತ್ತು, ಒಣಗುತ್ತಿತ್ತು.

ಅಧಿಕಾರಿ ಮಾತು ಶುರು ಮಾಡಲು ಗಂಟಲು ಸರಿಮಾಡಿಕೊಂಡರು. ಅಷ್ಟರಲ್ಲೇ ಅಣ್ಣ ಎದ್ದು ನಿಂತ. "ಬ್ಯಾರೇರ್ನ ಕೇಳ್ಬ್ಯಾಡಿ ಸಾ. ಸೋಡಾ ನೀರು ಸುರುದ್ದು ನಾನೇಯ" ಎಂದ.

ಎಲ್ಲರೂ ಒಟ್ಟಿಗೆ ಮಾತಾಡಿದರು. "ನಾ ಏಳ್ಲಿಲ್ವಾ?" ಎಂದು ಪಕ್ಕದ ಮನೆಯವನು ಹಾರೆ ಎತ್ತಿಕೊಂಡ. ಗೂಟದ ಹತ್ತಿರ ಹೋದವನು ಹಾಸನ್ನು ಕಂಡು ತುಸು ತಡೆದ. ಎಷ್ಟಾದರೂ ಅವನೂ ನೇಕಾರನ ಮಗನೇ, ಎಳೆದ ಹಾಸನ್ನು ನೆಲಕ್ಕೆ ಬೀಳಿಸುವ ಕೈ ಅವನದಲ್ಲ. "ಬಿಚ್ಕೋ ಅಣ್ಣ, ಮೊದ್ಲು ಹಾಸು ಬಿಚ್ಕೋ" ಎಂದ. ಅಣ್ಣ ಹೋಗಿ ಗಂಟಿಗೆ ಕೈ ಹಾಕಿದ. ಗಂಟು ಬಿಚ್ಚಿಕೊಳ್ಳುತ್ತಿರಲಿಲ್ಲ. ಇನ್ನು ತಡೆಯಲಾರೆ ಅಂತ ಎದ್ದೆ.

ಎದುರಿಗೆ ಅತ್ತಿಗೆ ಕಾಫಿಯ ತಟ್ಟೆ ಹಿಡಿದು ನಿಂತಿದ್ದಳು. ಬಂದವರಿಗೆ ಕಾಫಿ ಕೊಡದೆ ಕಳಿಸುವ ಮನೆಯಲ್ಲ ಅದು, ಬಂದವರು ಗೂಟ ಕೀಳಲು ಬಂದವರಾದರೂ.

"ಸೋಡಾ ನೀರು ಅಂದ್ರ ಯಾವ್ದು?" ಎಂದು ಕೇಳಿದಳು.

"ಒಳಿಕ್ಕೋಗು ನೀನು" ಎಂದು ಅಣ್ಣ ಅಲ್ಲಿಂದಲೇ ಕೂಗಿದ. ಅವಳು ಅವನ ಕಡೆ ತಿರುಗಲಿಲ್ಲ. ನನ್ನನ್ನೇ ನೋಡುತ್ತಿದ್ದಳು. "ನೀನು ಏಳವ್ವ. ಬೆಳಗ್ಗ ಕೊಡಕ್ಕ ಬೆರಳು ಆಕ್ದಲ್ಲ, ಅದಾ?"

ನನ್ನ ತಲೆ ತಾನಾಗಿ ಅಲ್ಲಾಡಿತು. ಸುಳ್ಳು ಹೇಳಬಹುದಿತ್ತು. ಅವಳ ಮುಖ ನೋಡಿಕೊಂಡು ನನ್ನ ಕೈಲಿ ಆಗಲಿಲ್ಲ.

ಅವಳು ತಟ್ಟೆಯನ್ನು ಜಗಲಿಯ ಮೇಲೆ ಇಟ್ಟಳು. ಒಂದು ಲೋಟವೂ ಅಲುಗಲಿಲ್ಲ. ಸೆರಗಿನಿಂದ ಕೈ ಒರೆಸಿಕೊಂಡಳು. ಮೊದಲ ಬಾರಿಗೆ ಅಷ್ಟು ಜನ ಗಂಡಸರ ಮುಂದೆ ದನಿ ಎತ್ತಿದಳು.

"ಅವ್ರು ಈ ಗಿಡಕ್ಕ ಒಂದು ಚೊಂಬು ನೀರೂ ಉಯ್ದೋರಲ್ಲ. ಉಯ್ದೋಳು ನಾನು. ಎಲ್ಲಾರ ಮನೇದ್ಕೂ ನಾನೇಯ." ಆಮೇಲೆ ದನಿ ಸಣ್ಣದಾಯಿತು, ಯಾರನ್ನು ಕೇಳುತ್ತಿದ್ದಾಳೆಂದು ತಿಳಿಯಲಿಲ್ಲ. "ಎಲ ಉದುರ್ತಾವ, ಪಾಪ ಸೊರಗವ ಅಂತ ಎರಡೆರಡು ಕೊಡ ಉಯ್ದಿ. ಅಂಗಾರ ನಾನೇ ಕುಡ್ಸಿ ಕುಡ್ಸಿ ಸಾಯಿಸ್ಬುಟ್ನಾ?"

ನಲ್ಲಿ ಜಗಳದ ಅಜ್ಜಿ ಎದ್ದು ಬಂದು ಅವಳ ಬೆನ್ನ ಮೇಲೆ ಕೈ ಇಟ್ಟಳು. ಅಧಿಕಾರಿ ಕಾಗದಗಳನ್ನು ಮಡಚಿ ಚೀಲದೊಳಗೆ ತುರುಕಿದರು. ಪಕ್ಕದ ಮನೆಯವನು ಹಾರೆ ಹಿಡಿದು ಹಾಗೇ ನಿಂತಿದ್ದ. ತನ್ನ ಮನೆಯ ಗಿಡಕ್ಕೆ ಇವಳು ಯಾಕೆ ನೀರು ಹಾಕಿದಳೆಂಬುದು ಅವನಿಗೆ ಆಗ ಹೊಳೆದಿರಬೇಕು, ಮುಖ ಎತ್ತಲಿಲ್ಲ.

ಅತ್ತಿಗೆ ತನ್ನ ಸಸಿಯ ಬುಡದಲ್ಲಿ ಕೂತು ಬಿಳಿಚಿದ ಮಣ್ಣನ್ನು ಉಗುರಿನಿಂದ ಕೆರೆದು ಕೆರೆದು ಆಚೆ ಎಸೆಯತೊಡಗಿದಳು. ಅಣ್ಣ ಬಂದು ಪಕ್ಕದ ಮನೆಯವನ ಕೈಯಿಂದ ಹಾರೆಯನ್ನು ತೆಗೆದುಕೊಂಡ. "ಬೆರಳು ಸೀಳ್ತದ, ಸರ್ಕೋ" ಎಂದು ಅವಳನ್ನು ಬದಿಗೆ ಸರಿಸಿ, ತಾನೇ ಬುಡ ಅಗೆದ. ಗಿಡ ಬೇಡವೆಂದು ಊರಿಗೆಲ್ಲ ಕೇಳುವಂತೆ ಕೂಗಿದವನು ಆ ಮಧ್ಯಾಹ್ನ ಸತ್ತ ಸಸಿಗಳ ಗುಂಡಿಗಳನ್ನೆಲ್ಲ ತೋಡಿ ಮಣ್ಣು ಬದಲಿಸಿದ. ಕೆಮ್ಮಣ್ಣನ್ನು ತಂದುಕೊಟ್ಟವನು ಪಕ್ಕದ ಮನೆಯವನು, ತನ್ನ ಲಗೇಜ್ ಆಟೋದಲ್ಲಿ. ಇಬ್ಬರೂ ಒಂದು ಮಾತೂ ಆಡಲಿಲ್ಲ. ಅಷ್ಟು ಬೇಗ ಮಾತಾಡುವ ಜನ ಅಲ್ಲ ನಮ್ಮವರು.

ಬೇಲಿಗಳನ್ನು ಕೀಳಲಿಲ್ಲ. ಹೊಂಗೆ ಗಟ್ಟಿ ಜೀವ. ಪಕ್ಕದ ಮನೆಯವನ ಸಸಿ, ಅಜ್ಜಿಯದು, ಕೊನೆಯ ಮನೆಯದು ಬುಡದಿಂದ ಮತ್ತೆ ಚಿಗುರಿದವು. ಅತ್ತಿಗೆಯದು ಚಿಗುರಲಿಲ್ಲ. ಎಲ್ಲಕ್ಕಿಂತ ಹೆಚ್ಚು ಆರೈಕೆ ಅದಕ್ಕೇ ಆಗಿತ್ತು. ಮಳೆ ಹಿಡಿದ ಮೇಲೆ ಹೊಸ ಸಸಿ ತಂದುಕೊಟ್ಟರೆ ಮುಟ್ಟುವುದಿಲ್ಲ ಎಂದು ಹಟ ಹಿಡಿದಳು. "ನನ್ ಕೈ ವಳ್ಳೇದಲ್ಲ ಕಣವ್ವ" ಅನ್ನುತ್ತಿದ್ದಳು. ಕೊನೆಗೆ ಅಣ್ಣನೇ ಅದನ್ನು ನೆಟ್ಟು, ಕೊಡವನ್ನು ಅವಳ ಮುಂದಿಟ್ಟು, "ನಂಗ ಹಾಸಿನ ಕೆಲ್ಸ ಅದ, ನೀನೇ ಉಯ್ಯಿ" ಎಂದು ಹೊರಟುಹೋದ. ಅವಳು ತುಂಬಾ ಹೊತ್ತು ಕೊಡದ ಮುಂದೆ ಕೂತಿದ್ದಳಂತೆ.

ಈಗ ಯೋಜನೆ ಹನೂರಿಗೂ ಯಳಂದೂರಿಗೂ ಹೋಗಿದೆ. ಸಭೆಗಳಿಗೆ ನನ್ನನ್ನೂ ಕರೆಯುತ್ತಾರೆ. ಯಾವ ಗಿಡ, ಎಷ್ಟು ಆಳದ ಗುಂಡಿ ಎಂದು ಅವರು ಕೇಳುತ್ತಾರೆ. ನಾನು ಮೊದಲು ಕೇಳುವುದು, ನಿಮ್ಮ ಮನೆಯಲ್ಲಿ ಯಾವ ಯಾವ ನೀರು ಉಳಿಯುತ್ತದೆ ಅಂತ. ನಗುತ್ತಾರೆ, ಆಮೇಲೆ ಯೋಚಿಸುತ್ತಾರೆ.

ಅತ್ತಿಗೆಯ ಹೊಂಗೆ ಈಗ ಅವಳ ಎತ್ತರಕ್ಕೆ ಬಂದಿದೆ. ಮೊನ್ನೆ ಒಂದು ಕಾಗೆಯೂ ಬಂದು ಕೂತಿತ್ತು, ಅಣ್ಣ ಬಾಯಿಗೆ ಬಂದಂತೆ ಬೈದು ಓಡಿಸಿದ. ಕೊಂಬೆ ಕಡಿಯುವ ಮಾತನ್ನು ಆಡಲಿಲ್ಲ. ಬೆಳಿಗ್ಗೆ ನಲ್ಲಿಯಲ್ಲಿ ಹಿಡಿದ ಕುಡಿಯುವ ನೀರನ್ನೇ ಅತ್ತಿಗೆ ಗಿಡಕ್ಕೆ ತರುತ್ತಾಳೆ. ಆದರೂ ಸುರಿಯುವ ಮುಂಚೆ ಕೊಡಕ್ಕೆ ಬೆರಳು ಅದ್ದಿ ಒಂದು ಹನಿಯನ್ನು ನಾಲಿಗೆಗೆ ಇಟ್ಟು ನೋಡುತ್ತಾಳೆ. ಪ್ರತಿ ದಿನ, ಪ್ರತಿ ಕೊಡಕ್ಕೂ. ಬೀದಿಯಲ್ಲಿ ಯಾರೂ ಅದನ್ನು ಕಂಡು ನಗುವುದಿಲ್ಲ.